ಜನವರಿಯಲ್ಲಿ ಅಪ್ಪ ಅಮ್ಮನ ಜೊತೆ ಮನಾಲಿಗೆ: ಬಿಸಿನೀರಿನ ಬುಗ್ಗೆ ಇರುವ ಒಳ್ಳೆಯ ರೆಸಾರ್ಟ್ ಯಾವುದು?

ಜನವರಿ, ಮನಾಲಿ, 3 ರಾತ್ರಿ, ಬಿಪಿ ಮಾತ್ರೆ ತೆಗೆದುಕೊಳ್ಳುವ ಅಪ್ಪ. ನಿಮ್ಮ ಪ್ರಶ್ನೆ ಓದುವಾಗ ಆರು ವರ್ಷದ ಹಿಂದೆ ನಾನೇ ಬರೆದ ಹಾಗೆ ಅನಿಸಿತು. ರೆಸಾರ್ಟ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಮಗೆ ಆದದ್ದು ಕೇಳಿ.

ನಮ್ಮದು ಪುತ್ತೂರಿನ ಕಡೆ. ಅಲ್ಲಿ ಇರ್ದೆಯಲ್ಲಿ ಬೆಂದ್ರ್ ತೀರ್ಥ ಅಂತ ಬಿಸಿನೀರಿನ ಬುಗ್ಗೆ ಇದೆ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹೆಸರು ಹಾಗಿದ್ದರೂ ಅದು ಮೈಗೆ ಹಿತವಾಗುವಷ್ಟೇ ಬೆಚ್ಚಗಿನ ನೀರು. ಅಪ್ಪ ಹುಡುಗರಾಗಿದ್ದಾಗ ಅದರಲ್ಲಿ ತುಂಬಾ ಹೊತ್ತು ಮುಳುಗಿ ಕೂರುತ್ತಿದ್ದರಂತೆ. ಹಿಮದ ಬೆಟ್ಟದ ನಡುವೆಯೂ ಅಂಥ ನೀರಿದೆ ಅಂತ ನಾನು ಹೇಳಿದ ದಿನದಿಂದ ಅವರಿಗೆ ಅದೇ ಕನಸು. ಆಗ ಅವರಿಗೆ 68 ವರ್ಷ.

ದೆಹಲಿಯಿಂದ ರಾತ್ರಿ ಬಸ್ಸು ಹಿಡಿದೆವು. ಪದೇ ಪದೇ ಬಸ್ಸು ನಿಲ್ಲಿಸಿ ಅಂತ ಕೇಳುವುದು ಹೇಗೆ ಎಂದು ಅಪ್ಪ ನೀರೇ ಕುಡಿಯಲಿಲ್ಲ. ಬೆಳಿಗ್ಗೆ ಮನಾಲಿಯಲ್ಲಿ ಇಳಿದರೆ ಹೋಟೆಲಿನವರು ರೂಮು 12 ಗಂಟೆಗೆ ಅಂದರು. 'ನ್ಯಾಚುರಲ್ ಹಾಟ್ ಸ್ಪ್ರಿಂಗ್ ಬಾತ್' ಅಂತ ನೋಡಿಯೇ ನಾನು ಅಲ್ಲಿ ದುಬಾರಿ ರೂಮು ಬುಕ್ ಮಾಡಿದ್ದು. ಕೇಳಿದರೆ ಅದು ಗೀಸರ್ ನೀರಿನ ಟಬ್ಬು. ಬೇಜಾರಾಗಿ ಬ್ಯಾಗು ಅಲ್ಲೇ ಇಟ್ಟು, ಟ್ಯಾಕ್ಸಿ ಮಾಡಿ, ಬಿಯಾಸ್ ನದಿಯ ಆಚೆ 3 ಕಿಲೋಮೀಟರ್ ದೂರದ ವಶಿಷ್ಠಕ್ಕೆ ಹೊರಟೆವು. ಸ್ನಾನ ಮುಗಿಸಿ ಹಾಗೇ ಸೋಲಂಗ್‌ಗೆ ಹೋಗಿ ಹಿಮ ನೋಡುವುದು ಅಂತ ಲೆಕ್ಕ.

ವಶಿಷ್ಠದಲ್ಲಿ ದೇವಸ್ಥಾನದ ಪಕ್ಕದಲ್ಲೇ ಕಲ್ಲಿನ ಕೊಳ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ದುಡ್ಡಿಲ್ಲ. ಗಂಧಕದ ವಾಸನೆ, ಮೇಲೆ ಹಬೆ, ತಲೆ ಎತ್ತಿದರೆ ಹಿಮದ ಬೆಟ್ಟ. ಸ್ನಾನ, ದರ್ಶನ ಆಗದೆ ಅಪ್ಪ ಏನೂ ತಿನ್ನುವುದಿಲ್ಲ. ಬಿಪಿ ಮಾತ್ರೆ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಒಂದು ಲೋಟ ಚಹಾದ ಜೊತೆ ನುಂಗಿದ್ದರು. ನೀರಿಗೆ ಇಳಿದವರ ಮುಖ ನೋಡಬೇಕಿತ್ತು ನೀವು. ಅಷ್ಟು ಖುಷಿ. ಅರ್ಧ ಗಂಟೆ ಕುತ್ತಿಗೆವರೆಗೆ ಮುಳುಗಿ ಕೂತರು.

ಅಷ್ಟರಲ್ಲಿ ಟ್ಯಾಕ್ಸಿಯವನ ಫೋನು ಬಂತು. ನಾನು ಮೇಲೆ ನಿಂತು, "ಬೇಗ ಬನ್ನಿ ಅಪ್ಪಾ, ಗಾಡಿ ಕಾಯ್ತಾ ಇದೆ" ಅಂದೆ.

ನನ್ನ ತಪ್ಪು ಇದೇ. ಅಪ್ಪ ತಕ್ಷಣ ಎದ್ದು ಮೆಟ್ಟಿಲು ಹತ್ತಿದರು. ಎರಡನೇ ಮೆಟ್ಟಿಲಲ್ಲಿ ಕಣ್ಣು ಮೇಲೆ ಹೋಯಿತು. ಕಲ್ಲಿನ ಮೇಲೆ ಬಲಗೈ ಊರಿ ಬಿದ್ದರು. ಊರಿನ ಇಬ್ಬರು ಓಡಿ ಬಂದು ಎತ್ತಿ, ತಮ್ಮ ಉಣ್ಣೆ ಶಾಲು ಹೊದಿಸಿದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಅದು ಅಡಿಕೆ ಸುಲಿಯುವ ಕೈ. ಇವತ್ತಿಗೂ ಆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ.

ಯಾಕೆ ಹೀಗಾಯಿತು ಅಂತ ಡಾಕ್ಟರು ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಬಿಸಿನೀರಲ್ಲಿ ಕೂತಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಬಿಪಿ ಇಳಿಯುತ್ತದೆ. ಆದರೆ ನೀರು ಸುತ್ತಲಿಂದ ಮೈಯನ್ನು ಒತ್ತಿ ಹಿಡಿದಿರುತ್ತದೆ ಅಲ್ವಾ, ಹಾಗಾಗಿ ಕೂತಿರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಎದ್ದ ಕೂಡಲೇ ಆ ಒತ್ತಡ ಹೋಗುತ್ತದೆ, ರಕ್ತ ಕಾಲಿಗೆ ಇಳಿಯುತ್ತದೆ, ಮೆದುಳಿಗೆ ಕಡಿಮೆಯಾಗುತ್ತದೆ. ಬಿಪಿ ಮಾತ್ರೆ ಅದನ್ನು ಇನ್ನೂ ಇಳಿಸಿರುತ್ತದೆ. ಮೈಯಲ್ಲಿ ನೀರಿನ ಅಂಶ ಇಲ್ಲ, ಹೊಟ್ಟೆ ಖಾಲಿ. ನೀರೊಳಗೂ ಬೆವರುತ್ತೇವೆ, ಅದು ಕಾಣುವುದಿಲ್ಲ ಅಷ್ಟೇ. ಎರಡು ನಿಮಿಷ ಮೆಟ್ಟಿಲ ಮೇಲೆ ಕೂತು, ನಿಧಾನಕ್ಕೆ ಎದ್ದಿದ್ದರೆ ಅಪ್ಪ ಬೀಳುತ್ತಿರಲಿಲ್ಲ. ಆ ಎರಡು ನಿಮಿಷ ನಾನು ಕೊಡಲಿಲ್ಲ. ಮಂಕಿ ಕ್ಯಾಪು, ಥರ್ಮಲ್, ಮೂರು ಜೊತೆ ಕಾಲುಚೀಲ ಎಲ್ಲ ತಂದಿದ್ದೆ. ತಯಾರಿ ಎಲ್ಲ ಚಳಿಗೇ ಆಗಿತ್ತು. ಬಿಸಿನೀರಿನ ಬಗ್ಗೆ ಒಂದು ಸಾಲೂ ಓದಿರಲಿಲ್ಲ.

ಜಪಾನಿನಲ್ಲಿ ಚಳಿಗಾಲದ ಬಿಸಿನೀರಿನ ಸ್ನಾನದಲ್ಲಿ ತುಂಬಾ ಜನ ಹಿರಿಯರು ಹೀಗೆ ಪ್ರಾಣ ಕಳೆದುಕೊಳ್ಳುತ್ತಾರೆ. ನೀರು 41 ಡಿಗ್ರಿ ದಾಟಬಾರದು, 10 ನಿಮಿಷಕ್ಕಿಂತ ಜಾಸ್ತಿ ಕೂರಬಾರದು, ಏಳುವಾಗ ಅವಸರ ಮಾಡಬಾರದು ಅಂತ ಅಲ್ಲಿನ ಸರ್ಕಾರವೇ ಹೇಳುತ್ತದೆ. ಇದನ್ನು ನಾನು ಓದಿದ್ದು ಊರಿಗೆ ವಾಪಸ್ ಬಂದ ಮೇಲೆ.

ಈಗ ನಿಮ್ಮ ರೆಸಾರ್ಟ್. ನೇರವಾಗಿ ಹೇಳುತ್ತೇನೆ, ಮನಾಲಿಯಲ್ಲಿ ಅದನ್ನು ಹುಡುಕಲೇಬೇಡಿ. ಅಲ್ಲಿ ಒಳ್ಳೆಯ ನೀರು ಇರುವುದು ದೇವಸ್ಥಾನದ ಕೊಳದಲ್ಲಿ, ಅದು ಪುಕ್ಕಟೆ. ರೂಮಿಗೆ ಹೀಟರ್ ಇದೆಯಾ, ಬೆಳಿಗ್ಗೆ ಬೇಗ ಕೊಡುತ್ತಾರಾ ಅಂತ ಮಾತ್ರ ನೋಡಿ. ಮಣಿಕರಣ್ ಹೋಗುವುದಾದರೆ ನೋಡಲು ಹೋಗಿ. ಅಲ್ಲಿನ ಬುಗ್ಗೆಯಲ್ಲಿ ಗುರುದ್ವಾರದ ಲಂಗರಿಗೆ, ಅಂದರೆ ಎಲ್ಲರಿಗೂ ಹಾಕುವ ಪುಕ್ಕಟೆ ಊಟಕ್ಕೆ, ಅನ್ನ ಬೇಯುತ್ತದೆ, ಪಕ್ಕದಲ್ಲೇ ಪಾರ್ವತಿ ನದಿ ಮಂಜಿನಷ್ಟು ತಣ್ಣಗೆ ಹರಿಯುತ್ತದೆ. ಸ್ನಾನದ ಕೊಳದ ನೀರೂ ಬಿಸಿ ಜಾಸ್ತಿ, ಅಪ್ಪನನ್ನು ಇಳಿಸಬೇಡಿ. ಬೆಟ್ಟದ ಮೇಲಿನ ಬಿಸಿನೀರಿನ ಕೊಳ ಖೀರ್‌ಗಂಗಾ ಹೆಸರೇ ಎತ್ತಬೇಡಿ, ಜನವರಿಯ ಹಿಮದಲ್ಲಿ ಗಂಟೆಗಟ್ಟಲೆ ಬೆಟ್ಟ ಹತ್ತಬೇಕು.

ಬಿಸಿನೀರಿನ ಸ್ನಾನವೇ ನಿಮಗೆ ಮುಖ್ಯವಾದರೆ ಮನಾಲಿಯನ್ನೇ ಬಿಡಿ. ಶಿಮ್ಲಾದಿಂದ ಸುಮಾರು 50 ಕಿಲೋಮೀಟರ್ ಇಳಿದರೆ ಸಟ್ಲೆಜ್ ದಡದಲ್ಲಿ ತತ್ತಾಪಾನಿ. ಹೆಸರಿನ ಅರ್ಥವೇ ಬಿಸಿನೀರು. ಹಳೆಯ ಬುಗ್ಗೆಗಳು ಕೋಲ್ ಡ್ಯಾಮಿನ ನೀರಲ್ಲಿ ಮುಳುಗಿದವು, ಈಗ ಬೋರ್ ಕೊರೆದು ಅದೇ ನೀರು ತೆಗೆಯುತ್ತಾರೆ. ಅಲ್ಲಿನ ಕೆಲವು ಹೋಟೆಲುಗಳಿಗೆ ನಿಜವಾಗಿ ಆ ನೀರು ಬರುತ್ತದೆ. ಜಾಗ ತಗ್ಗಿನಲ್ಲಿರುವುದರಿಂದ ಮನಾಲಿಯ ಚಳಿಯೂ ಇಲ್ಲ, ವಯಸ್ಸಾದವರಿಗೆ ಅದೇ ಸರಿ. ಬುಕ್ ಮಾಡುವ ಮೊದಲು ಫೋನ್ ಮಾಡಿ, ನೀರು ಬುಗ್ಗೆಯದೋ ಗೀಸರಿನದೋ, ತಣ್ಣೀರು ಬೆರೆಸಬಹುದೋ ಅಂತ ಕೇಳಿ. ಸಂಕ್ರಾಂತಿ ದಿನ ಮಾತ್ರ ಬೇಡ. ಪುಣ್ಯಸ್ನಾನಕ್ಕೆ ತುಂಬಾ ಜನ ಬರುತ್ತಾರೆ. 2020ರ ಸಂಕ್ರಾಂತಿಗೆ ಅಲ್ಲಿ ಒಂದೇ ಪಾತ್ರೆಯಲ್ಲಿ 1,995 ಕಿಲೋ ಖಿಚಡಿ ಮಾಡಿದ್ದರು ಅಂದರೆ ಜನ ಎಷ್ಟು ಅಂತ ಊಹಿಸಿ.

ಹೊರಡುವ ಮೊದಲು ಅಪ್ಪನ ಡಾಕ್ಟರನ್ನು ಒಮ್ಮೆ ಕೇಳಿ. ಮಾತ್ರೆ ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ. ತಲುಪಿದ ದಿನ ಸ್ನಾನ ಬೇಡ, ಮಲಗಲಿ. ಮರುದಿನ ಎರಡು ಇಡ್ಲಿಯಷ್ಟಾದರೂ ಹೊಟ್ಟೆಗೆ ಬೀಳಲಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ, ಇದನ್ನು ನಮ್ಮ ಅಪ್ಪನೇ ಈಗ ಎಲ್ಲರಿಗೂ ಹೇಳುತ್ತಾರೆ. ಮೊದಲು ಕಾಲು ಮಾತ್ರ ನೀರಲ್ಲಿ, ಆಮೇಲೆ ಸೊಂಟದವರೆಗೆ. ನೀವು ಪಕ್ಕದಲ್ಲೇ ಕುಡಿಯುವ ನೀರು, ಒಣ ಟವೆಲ್ ಹಿಡಿದು ಕೂತಿರಿ. ಟ್ಯಾಕ್ಸಿಯವನಿಗೆ ಮಧ್ಯಾಹ್ನದ ಮೇಲೆ ಬರಲು ಹೇಳಿ.