ಮುರಕಲ್ಲಿನ ಮೇಲೆ ಯಾವ ಹೂಗಿಡ ನೆಡೋಣ?

ಪ್ರಶ್ನೆ: ಗುಡ್ಡ ಕಡಿದು ಮನೆ ಕಟ್ಟಿದ್ದೇವೆ. ಪಡುಬದಿಯ ಗೋಡೆಯ ಬುಡದಲ್ಲಿ ಬರೀ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಮಧ್ಯಾಹ್ನದಿಂದ ಸಂಜೆವರೆಗೆ ಸುಡುಬಿಸಿಲು. ಆನ್‌ಲೈನ್‌ನಲ್ಲಿ ತರಿಸಿದ ಲ್ಯಾವೆಂಡರ್, ರೋಸ್‌ಮೆರಿ ಎರಡೂ ಹೋದವು. ವರ್ಷ ವರ್ಷ ನೆಡುವ ತಾಪತ್ರಯ ಇಲ್ಲದ ಹೂಗಿಡ ಯಾವುದಿದೆ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಅವು ಸತ್ತದ್ದು ಯಾವ ತಿಂಗಳಲ್ಲಿ? ಜುಲೈ ಇರಬೇಕು, ಅಲ್ವಾ? ಲ್ಯಾವೆಂಡರ್ ಹುಟ್ಟಿದ ಮೆಡಿಟರೇನಿಯನ್ ಕಡೆ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರಾ ಒಣ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇರು ಕೊಳೆಯದೆ ಇನ್ನೇನಾಗಬೇಕು? ನಮಗೆ ಬೇಕಾದ್ದು ಮೇ ತಿಂಗಳ ಕಾವನ್ನೂ ಆಟಿಯ (ಜುಲೈ–ಆಗಸ್ಟ್) ಮಳೆಯನ್ನೂ ತಡೆಯುವ ಗಿಡ.

ಅಂಥದ್ದೊಂದು ಜೆಸಿಬಿ ಬರುವ ಮೊದಲು ನಿಮ್ಮ ಗುಡ್ಡದಲ್ಲೇ ಇದ್ದಿರಬಹುದು: ಕೇಪುಳ, ಅಂದರೆ ಕೆಂಪು ಗೊಂಚಲು ಹೂವಿನ ಇಕ್ಸೋರಾ. ಶಾಲೆಯಿಂದ ಬರುವಾಗ ಅದರ ಹಣ್ಣು ತಿಂದು ನಾಲಿಗೆ ಬಣ್ಣ ಮಾಡಿಕೊಂಡವರಿಗೆ ಅದನ್ನು ದುಡ್ಡು ಕೊಟ್ಟು ತರುವುದೆಂದರೆ ನಗು ಬರಬಹುದು, ಆದರೆ ಮುರಕಲ್ಲಿನ ಹುಳಿ ಮಣ್ಣಿಗೆ ಅದರಷ್ಟು ಒಗ್ಗುವ ಗಿಡ ಕಡಿಮೆ. ಒಂದೇ ಎಚ್ಚರಿಕೆ. ಗೋಡೆಯ ಬುಡದಲ್ಲಿ ಸಾರಣೆಯ ಸಿಮೆಂಟ್ ಬಿದ್ದಿದ್ದರೆ ಮಣ್ಣು ಸುಣ್ಣವಾಗಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಆ ಗಾರೆಯನ್ನೆಲ್ಲ ತೆಗೆದು, ಗೋಡೆಯಿಂದ ಎರಡು ಅಡಿ ಬಿಟ್ಟು ನೆಡಿ.

ಹಿಂದಿನ ಸಾಲಿಗೆ ರತ್ನಗಂಧಿ, ದಾಸವಾಳ. ದಾಸವಾಳಕ್ಕೆ ಬೇಸಿಗೆಯಲ್ಲಿ ನೀರು ಸ್ವಲ್ಪ ಜಾಸ್ತಿ ಬೇಕು. ಮುಂದಿನ ಸಾಲಿಗೆ ನಿತ್ಯಪುಷ್ಪ. ಮಳೆಗೆ ಕೆಲವು ಗಿಡ ಹೋದರೂ ಬಿದ್ದ ಬೀಜದಿಂದ ತಾನೇ ಹುಟ್ಟಿಕೊಳ್ಳುತ್ತದೆ. ಕಣಗಿಲೆಯೂ ಚೆನ್ನಾಗಿ ಬರುತ್ತದೆ, ಆದರೆ ಬುಡದಿಂದ ತುದಿವರೆಗೆ ವಿಷ. ಚಿಕ್ಕ ಮಕ್ಕಳೋ ದನವೋ ಇದ್ದರೆ ಬೇಡವೇ ಬೇಡ.

ಇನ್ನು ಹೊಂಡ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಮುರಕಲ್ಲಿನಲ್ಲಿ ಒಂದೂವರೆ ಅಡಿ ಹೊಂಡ ತೋಡಿ ಒಳ್ಳೆ ಮಣ್ಣು, ಗೊಬ್ಬರ ತುಂಬಿಸಿ ಬೀಗಿದ್ದೆ. ಮಳೆ ಬಂದಾಗ ಅದು ಕಲ್ಲಿನ ಬಾನಿಯ ಹಾಗೆ ನೀರು ತುಂಬಿ ನಿಂತಿತು, ನಂದಿಬಟ್ಟಲಿನ ಬೇರು ಕೊಳೆತು ನಾರಿತು. ಈಗ ಇಳಿಜಾರಿನ ಬದಿಗೆ ಒಂದು ಸಣ್ಣ ಕಾಲುವೆ ಕಡಿದೇ ನೆಡುತ್ತೇನೆ. ಕಡಿಯಲು ಆಗದಿದ್ದರೆ ಮಣ್ಣನ್ನು ಒಂದಡಿ ದಿಣ್ಣೆ ಮಾಡಿ ಅದರ ಮೇಲೆ ನೆಡಿ. ಚೌತಿ ಕಳೆದು ಮಳೆ ಇಳಿದ ಮೇಲೆ ನೆಟ್ಟರೆ ಮಣ್ಣು ಇನ್ನೂ ಹಸಿ ಇರುತ್ತದೆ, ಬೇಸಿಗೆಗೆ ಮೊದಲು ಬೇರು ಇಳಿಯಲು ನಾಲ್ಕೈದು ತಿಂಗಳು ಸಿಗುತ್ತದೆ. ಮೊದಲ ಬೇಸಿಗೆ ಮೂರು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಹಾಕಿ, ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬುಡಕ್ಕೆ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ.

ಪ್ರಶ್ನೆ: ತಾರಸಿಯ ಕುಂಡದಲ್ಲಿ ಬೋಗನ್‌ವಿಲ್ಲಾ ಬರೀ ಎಲೆ ಬಿಡುತ್ತಿದೆ. ದಿನಾ ನೀರು, ತಿಂಗಳಿಗೊಮ್ಮೆ ಸೆಗಣಿ ಗೊಬ್ಬರ ಹಾಕ್ತೇನೆ. ಇನ್ನೇನು ಮಾಡಬೇಕು?
– ಗೃಹಿಣಿ, ಸುರತ್ಕಲ್

ಉತ್ತರ: ಮಾಡುವುದನ್ನು ನಿಲ್ಲಿಸಬೇಕು ಅಕ್ಕಾ! ನವೆಂಬರ್‌ನಲ್ಲಿ ಉದ್ದ ಗೆಲ್ಲುಗಳನ್ನು ಕತ್ತರಿಸಿ, ಗೊಬ್ಬರ ಬಿಡಿ, ಎಲೆ ಸ್ವಲ್ಪ ಬಾಡಿದ ಮೇಲಷ್ಟೇ ನೀರು ಕೊಡಿ. ಹೊಸ ಚಿಗುರಿನಲ್ಲಿ ಬಣ್ಣ ಬರುತ್ತದೆ. ಅಂದ ಹಾಗೆ ಆ ಬಣ್ಣದ್ದು ಹೂವಿನ ದಳ ಅಲ್ಲ, ಎಲೆಯದೇ ಇನ್ನೊಂದು ರೂಪ. ನಿಜವಾದ ಹೂವು ನಡುವೆ ಇರುವ ಆ ಪುಟ್ಟ ಬಿಳಿಯದು. ಕುಂಡ ಬದಲಿಸುವ ಆಸೆಯನ್ನೂ ಈ ವರ್ಷ ಬಿಡಿ, ಬೇರು ಬಿಗಿಯಾಗಿದ್ದಷ್ಟೂ ಅದು ಚೆನ್ನಾಗಿ ಬಿಡುತ್ತದೆ.