ಬೀರು ಕೀ ಎಲ್ಲಿದೆ?

ರಾಜಾಜಿನಗರದ ಓದುಗರೊಬ್ಬರ ಕಾಗದ: "ಅಮೆರಿಕದ ಹುಡುಗರ ಕೈಗೆ ಪಿಸ್ತೂಲು ಸಿಗುವ ವಿಷಯಕ್ಕೆ ಹೋದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ. ಬೆಂಗಳೂರಿಗೂ ಅದಕ್ಕೂ ಏನು ಸಂಬಂಧ? ನನಗೂ ಹದಿನೈದರ ಮಗ ಇದ್ದಾನೆ. ಅವನ ಕೈಯಲ್ಲಿರುವುದು ಮೊಬೈಲು, ಅದರ ಬಗ್ಗೆ ಬರೆಯಿರಿ. ಕೆಟ್ಟ ಹುಡುಗ ಹೇಗಾದರೂ ಗನ್ ಹುಡುಕಿಕೊಳ್ಳುತ್ತಾನೆ, ಒಳ್ಳೆಯವನು ಮುಟ್ಟುವುದಿಲ್ಲ. ಅಷ್ಟೇ ವಿಷಯ."

ನಮಸ್ಕಾರ ಸಾರ್. ಮೊಬೈಲಿನ ಬಗ್ಗೆ ಖಂಡಿತ ಬರೆಯುತ್ತೇವೆ.

ನಿಮ್ಮ ಮೊದಲ ಮಾತು ಅರ್ಧ ಸರಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. 21 ತುಂಬದವರಿಗೆ ಲೈಸೆನ್ಸ್ ಸಿಗುವುದಿಲ್ಲ, ಶೂಟಿಂಗ್ ಕ್ರೀಡೆ ಕಲಿಯುವವರಿಗೆ ಮಾತ್ರ ನಿಯಮ ಬೇರೆ. ನಿಮ್ಮ ಬೀದಿಯ ಅಷ್ಟೂ ಮನೆ ತಟ್ಟಿದರೂ ಒಂದು ಪಿಸ್ತೂಲು ಸಿಗಲಿಕ್ಕಿಲ್ಲ. ಅಮೆರಿಕದ ಕಥೆ ಬೇರೆ. 2020ರಲ್ಲಿ ಅಲ್ಲಿ 1ರಿಂದ 19 ವರ್ಷದವರ ಸಾವಿಗೆ ರಸ್ತೆ ಅಪಘಾತವನ್ನೂ ಹಿಂದೆ ಹಾಕಿ ಬಂದೂಕೇ ಮೊದಲ ಕಾರಣವಾಯಿತು.

ಎರಡನೆಯ ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಸಿಯಾಟಲ್ ನಗರದ ಹೈಸ್ಕೂಲು ಮಕ್ಕಳನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 1992ರಲ್ಲಿ ಪ್ರಕಟವಾಯಿತು. ಪಿಸ್ತೂಲು ಸುಲಭವಾಗಿ ಸಿಗುತ್ತದೆ ಎಂದವರು ನೂರಕ್ಕೆ 34. ಹುಡುಗರನ್ನಷ್ಟೇ ತೆಗೆದುಕೊಂಡರೆ 47. ತಮ್ಮದೇ ಪಿಸ್ತೂಲು ಇದೆ ಎಂದವರು ಸುಮಾರು 6. ಈ ಆರು ಮಂದಿಯ ಗುಂಪಿನಲ್ಲೇ ಗ್ಯಾಂಗು, ಡ್ರಗ್ಸ್ ಮಾರಾಟ, ಹೊಡೆದಾಟ ಎಲ್ಲ ಜಾಸ್ತಿ. "ನೋಡಿ, ನಾನು ಹೇಳಿದ್ದೇ ಆಯ್ತಲ್ಲ" ಅಂತೀರಿ. ಸ್ವಲ್ಪ ತಾಳಿ. ಗನ್ನಿಂದ ಪುಂಡಾಟ ಬಂತೋ, ಪುಂಡಾಟದಿಂದ ಗನ್ ಬಂತೋ ಅನ್ನುವುದು ಇಂಥ ಸಮೀಕ್ಷೆಯಿಂದ ತಿಳಿಯುವುದಿಲ್ಲ. ಎರಡೂ ಜೊತೆಜೊತೆಗೇ ಓಡಾಡುತ್ತವೆ ಅನ್ನುವುದಷ್ಟೇ ತಿಳಿಯುತ್ತದೆ.

ನನಗೆ ಚಿಂತೆ ಆ ಆರರದ್ದಲ್ಲ, ಉಳಿದ ಇಪ್ಪತ್ತೆಂಟರದ್ದು. ಸ್ವಂತದ್ದಿಲ್ಲ, ಆದರೆ ಬೇಕೆಂದರೆ ಕೈಗೆ ಸಿಗುತ್ತದೆ. ನಮ್ಮ ನಿಮ್ಮ ಮನೆ ಮಕ್ಕಳ ಹಾಗೆ ಟ್ಯೂಷನ್ನಿಗೆ ಹೋಗಿ ಬರುವವರೂ ಅದರಲ್ಲಿ ಇರುತ್ತಾರೆ. ಗೆಳೆಯರ ಎದುರು ಮಾನ ಹೋಯಿತು, ಮಾರ್ಕ್ಸ್ ಕಮ್ಮಿ ಬಂತು, ಅಪ್ಪ ಬೈದರು. ಆ ವಯಸ್ಸಿನಲ್ಲಿ ಸಿಟ್ಟಾಗಲಿ ದುಃಖವಾಗಲಿ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಅರ್ಧ ಗಂಟೆ ಕಳೆದರೆ ಇಳಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಕೈಗೆಟಕುವ ಹಾಗೆ ಏನಿದೆ, ಅದೇ ಪ್ರಶ್ನೆ.

"ಎತ್ತಿಟ್ಟಿದ್ದೇವೆ, ಮಕ್ಕಳಿಗೆ ಗೊತ್ತಿಲ್ಲ" ಅಂತ ಅಲ್ಲಿನ ಅಪ್ಪ ಅಮ್ಮಂದಿರೂ ಹೇಳುತ್ತಾರೆ. 2006ರಲ್ಲಿ ಅಲಬಾಮಾದಿಂದ ಬಂದ ಒಂದು ಅಧ್ಯಯನದಲ್ಲಿ ಹೀಗೆ ಹೇಳಿದವರ 5ರಿಂದ 14 ವರ್ಷದ ಮಕ್ಕಳನ್ನು ಬೇರೆಯಾಗಿ ಕೇಳಿದರು. ನೂರಕ್ಕೆ 39 ಮನೆಗಳಲ್ಲಿ ಮಕ್ಕಳಿಗೆ ಜಾಗ ಗೊತ್ತಿತ್ತು!

ಇದನ್ನು ಓದಿ ನಗು ಬಂತು, ಆಮೇಲೆ ಮೈ ಜುಮ್ಮೆಂದಿತು. ನಮ್ಮ ಮನೆಯ ಬೀರು ಕೀಯನ್ನು ಅಮ್ಮ ದೇವರ ಮನೆಯಲ್ಲಿ, ಅರಿಶಿನದ ಡಬ್ಬಿಯ ಹಿಂದೆ ಇಡುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಅದರಿಂದ ಬೀರು ತೆಗೆದು ಮಸಾಲೆ ದೋಸೆಗೆ ದುಡ್ಡು ಹಾರಿಸುತ್ತಿದ್ದೆ. ಕೀಗೆ ಅಂಟಿದ ಅರಿಶಿನ ಬೆರಳಿಗೆ ಹತ್ತುತ್ತಿತ್ತು, ಚಡ್ಡಿಗೆ ಒರೆಸಿಕೊಳ್ಳುತ್ತಿದ್ದೆ. ಅಮ್ಮನಿಗೆ ಅದು ಇವತ್ತಿಗೂ ಗುಟ್ಟು. ಬೀರುವಿನಲ್ಲಿ ಇದ್ದದ್ದು ದುಡ್ಡು ಮತ್ತು ರೇಷ್ಮೆ ಸೀರೆ ಮಾತ್ರ. ನನ್ನ ಪುಣ್ಯ.

ಬೆಂಗಳೂರಿಗೆ ಏನು ಸಂಬಂಧ ಅಂದಿರಲ್ಲ, ಇಲ್ಲಿನ ಕೀ ಸ್ಕೂಟರಿನದ್ದು. ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆದರೂ ಕೀ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಮೊಳೆಗೇ ನೇತಾಡುತ್ತಿರುತ್ತದೆ, ಅಲ್ವಾ? ಇನ್ನು ಕೊಡಗಿನ ನೆಂಟರಿರುವ ಓದುಗರೂ ನಮಗಿದ್ದಾರೆ. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳವು. ಅವರಿಗೆ ಒಂದೇ ಮಾತು: ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದರಲ್ಲಿ ಇರಲಿ. ಮನೆಯಲ್ಲಿ ಮಗು ಮಂಕಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡೇನೂ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ರಾತ್ರಿ ಊಟ ಆದ ಮೇಲೆ ಮಗನನ್ನು ಸುಮ್ನೆ ಕೇಳಿ, ಬೀರು ಕೀ ಎಲ್ಲಿದೆ ಅಂತ. ಏನಂದ ಅಂತ ಒಂದು ಸಾಲು ಬರೆದು ಕಳಿಸಿ.

— ಸಂಪಾದಕ