ಓದುಗರ ಪ್ರಶ್ನೆ, ನಮ್ಮ ಉತ್ತರ: ವೋಲ್ಟ್, ಆಂಪಿಯರ್, ಓಮ್, ವಾಟ್

ಪ್ರಶ್ನೆ: ಸಂಜೆ ಹೊತ್ತು ನಮ್ಮೂರಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. 15 ಲೀಟರಿನ, 2000 ವಾಟಿನ ಗೀಸರ್ ಆಗ ನೀರು ಕಾಯಿಸಲು ಬಹಳ ಹೊತ್ತು ಹಿಡಿಯುತ್ತದೆ. ವೋಲ್ಟೇಜ್ ಕಮ್ಮಿಯಾದರೆ ಗೀಸರ್ ಜಾಸ್ತಿ ಕರೆಂಟ್ ಎಳೆದು ಬಿಲ್ ಏರಿಸುತ್ತದೆ ಎನ್ನುತ್ತಾರೆ. ನಿಜವೇ? (ಓದುಗರು, ಸಾಗರ)

ಉತ್ತರ: ಗೀಸರಿನ ಮಟ್ಟಿಗೆ ಈ ಮಾತು ತಪ್ಪು. ಅದರ ಮೈಮೇಲೆ 230 ವೋಲ್ಟ್, 2000 ವಾಟ್ ಎಂದು ಬರೆದಿದ್ದರೆ ಕರೆಂಟ್ 2000 ÷ 230 = 8.7 ಆಂಪಿಯರ್. ಕಾಯಿಲಿನ ರೋಧ 230 ÷ 8.7, ಅಂದರೆ ಸುಮಾರು 26.4 ಓಮ್. ಗೀಸರಿನ ಕಾಯಿಲ್ ನೈಕ್ರೋಮ್ (ನಿಕ್ಕಲ್, ಕ್ರೋಮಿಯಂ ಮಿಶ್ರಲೋಹ) ತಂತಿಯದು. ಬಿಸಿಯಾದರೂ ಅದರ ರೋಧ ಹೆಚ್ಚು ಬದಲಾಗದು. ಹಾಗಾಗಿ 180 ವೋಲ್ಟ್ ಬಂದಾಗ ಕರೆಂಟ್ 180 ÷ 26.4 = 6.8 ಆಂಪಿಯರಿಗೆ ಇಳಿಯುತ್ತದೆ, ಸಾಮರ್ಥ್ಯ 180 × 6.8 = 1224 ವಾಟ್. ವೋಲ್ಟೇಜ್ ಇಳಿದದ್ದು ಶೇಕಡಾ 22, ಸಾಮರ್ಥ್ಯ ಇಳಿದದ್ದು ಶೇಕಡಾ 39. ವೋಲ್ಟೇಜಿನ ಜೊತೆಗೇ ಕರೆಂಟೂ ಇಳಿಯುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 15 × 35 × 4.186 (ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್), ಸುಮಾರು 2198 ಕಿಲೋಜೂಲ್ ಬೇಕು. 2000 ವಾಟಿನಲ್ಲಿ ಇದಕ್ಕೆ 18 ನಿಮಿಷ, 1224 ವಾಟಿನಲ್ಲಿ 30 ನಿಮಿಷ. ಎರಡರಲ್ಲೂ ಖರ್ಚು 0.61 ಯೂನಿಟ್. ಹೆಚ್ಚಿನ ಹೊತ್ತಿನಲ್ಲಿ ಟ್ಯಾಂಕಿನಿಂದ ಹೊರಹೋಗುವ ಬಿಸಿಯನ್ನು ಬಿಟ್ಟರೆ ಬಿಲ್ಲಿನಲ್ಲಿ ವ್ಯತ್ಯಾಸವಿಲ್ಲ.

ಆದರೆ ಆ 180 ವೋಲ್ಟನ್ನು ಎಲ್ಲಿ ಅಳೆದಿರಿ ಎಂಬುದು ಮುಖ್ಯ. ಗೀಸರ್ ಓಡುತ್ತಿರುವಾಗಲೇ ಮೇನ್ ಬೋರ್ಡಿನಲ್ಲಿ ಒಮ್ಮೆ, ಗೀಸರಿನ ಸಾಕೆಟ್ಟಿನಲ್ಲಿ ಒಮ್ಮೆ ಅಳೆಯಬೇಕು. ಗೀಸರ್ ಆಫ್ ಇದ್ದಾಗ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ತಂತಿ, ಸ್ಕ್ರೂಗಳ ದೋಷ ಕಾಣುವುದೇ ಇಲ್ಲ. ಇದು ಅನುಭವಿ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಬೋರ್ಡಿನಲ್ಲಿ 215, ಸಾಕೆಟ್ಟಿನಲ್ಲಿ 195 ಬಂತೆನ್ನಿ: ನಡುವೆ ಕಳೆದುಹೋದ 20 ವೋಲ್ಟನ್ನು 7.4 ಆಂಪಿಯರಿನಿಂದ (195 ÷ 26.4) ಗುಣಿಸಿದರೆ 148 ವಾಟ್. ಇದು ಬಹುಪಾಲು ಒಂದು ಸಡಿಲ ಸ್ಕ್ರೂ ಬಳಿಯೇ ಬಿಸಿಯಾಗಿ ಹೊರಬರುತ್ತಿದ್ದರೆ ಗತಿಯೇನು? ಸೀಸ ಕರಗಿಸುವ ಸೋಲ್ಡರಿಂಗ್ ಐರನ್ನಿಗೆ 25 ವಾಟ್ ಸಾಕು. ಪ್ಲಗ್ಗಿನ ಪಿನ್ ಕಪ್ಪಾಗುವುದು, ಸಾಕೆಟ್ ಕರಗುವುದು ಹೀಗೆಯೇ. ಇಂಥ ಕಡೆ ಸ್ಟೆಬಿಲೈಸರ್ ಹಾಕಬೇಡಿ. ಕರೆಂಟ್ ಇನ್ನೂ ಹೆಚ್ಚಿ ಆ ಜಾಗ ಮತ್ತಷ್ಟು ಸುಡುತ್ತದೆ. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿಸಿ, ಕಪ್ಪಾದ 16 ಆಂಪಿಯರಿನ ಸಾಕೆಟ್ಟನ್ನೂ ಪ್ಲಗ್ಗನ್ನೂ ಬದಲಿಸಿ.

ಪ್ರಶ್ನೆ: ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟರ್ 225 ವೋಲ್ಟಿನಲ್ಲಿ 6.5 ಆಂಪಿಯರ್ ಎಳೆಯುತ್ತಿದೆ. ಗುಣಿಸಿದರೆ 1462 ಬರುತ್ತದೆ, ಆದರೆ 1 ಎಚ್‌ಪಿ ಎಂದರೆ 746 ವಾಟ್. ಭಾಗಿಸಿದರೆ 34.6 ಓಮ್, ಆದರೆ ವೈಂಡಿಂಗ್ (ಒಳಗಿನ ತಾಮ್ರದ ತಂತಿಯ ಸುರುಳಿ) ಅಳೆದರೆ 4 ಓಮ್. ಮೀಟರ್ ಕೆಟ್ಟಿದೆಯೇ? (ಐಟಿಐ ವಿದ್ಯಾರ್ಥಿ, ಗದಗ)

ಉತ್ತರ: ಕೆಟ್ಟಿಲ್ಲ. 1462 ಎಂಬುದು ವೋಲ್ಟ್‌ಆಂಪಿಯರ್, ವಾಟ್ ಅಲ್ಲ. ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಆದ್ದರಿಂದ ವೋಲ್ಟ್‌ಆಂಪಿಯರಿನಲ್ಲಿ ವಾಟ್ ಎಷ್ಟು ಪಾಲು ಎಂದು ಹೇಳುವ ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. ಅದು 0.85 ಎಂದಿಟ್ಟುಕೊಂಡರೆ ಒಳಗೆ ಹೋಗುವುದು 1243 ವಾಟ್. 746 ಎಂಬುದು ಶಾಫ್ಟಿನಲ್ಲಿ ಹೊರಬರುವ ಲೆಕ್ಕ. ದಕ್ಷತೆ ಶೇಕಡಾ 60 ಇದ್ದರೆ 1243ರಲ್ಲಿ ಸಿಗುವುದು ಅಷ್ಟೇ.

ಪರೀಕ್ಷಿಸಲು ಮನೆಯ ಉಳಿದೆಲ್ಲ ಆಫ್ ಮಾಡಿ ಮೀಟರಿನ ಮಿನುಗುವ ದೀಪ ಎಣಿಸಿ. ಮೀಟರ್ ಮೇಲೆ ಯೂನಿಟ್ಟಿಗೆ 3200 ಮಿನುಗು ಎಂದಿದ್ದು, 9 ಸೆಕೆಂಡಿನಲ್ಲಿ 10 ಸಲ ಮಿನುಗಿದರೆ ಆಗುತ್ತಿರುವುದು 1250 ವಾಟ್.

ಇನ್ನು ಓಮ್ ವಿಷಯ. ಮೋಟರ್ ತಿರುಗುವಾಗ ವೈಂಡಿಂಗಿನಲ್ಲೇ ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ತಡೆಯುತ್ತದೆ. 34.6ರಲ್ಲಿ ಅದೂ ಸೇರಿದೆ. ಬರೀ ತಾಮ್ರದ್ದು 4 ಓಮ್. ಓಡುವಾಗ ತಾಮ್ರದಲ್ಲಿ ಬಿಸಿಯಾಗುವುದು 6.5 × 6.5 × 4 = 169 ವಾಟ್. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಕಚ್ಚಿಕೊಂಡು ಮೋಟರ್ ನಿಂತರೆ ಎದುರು ವೋಲ್ಟೇಜ್ ಬಹಳ ಕುಗ್ಗುತ್ತದೆ. ಕರೆಂಟ್ 30 ಆಂಪಿಯರಿಗೆ ಏರಿದರೆ ಬಿಸಿ 3600 ವಾಟ್. ಗುಂಯ್‌ಗುಡುತ್ತಾ ನಿಂತ ಮೋಟರನ್ನು ತಕ್ಷಣ ಆಫ್ ಮಾಡಬೇಕಾದದ್ದು ಇದಕ್ಕೇ. ವೋಲ್ಟೇಜ್ ಕಮ್ಮಿಯಾದರೆ ಕರೆಂಟ್ ಜಾಸ್ತಿ ಎಂಬ ಮಾತು ನಿಜವಾಗುವುದೂ ಹೊರೆ ಹೊತ್ತ ಮೋಟರಿನಲ್ಲಿ. ಅಂದಹಾಗೆ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನೊಳಗೆ ಒಂದೇ ತಂತಿ ಹಾಯಿಸಿ. ಫೇಸ್, ನ್ಯೂಟ್ರಲ್ ಎರಡೂ ಹಾದರೆ ಸೊನ್ನೆ ತೋರಿಸುತ್ತದೆ.

ಪ್ರಶ್ನೆ: 60 ವಾಟಿನ ಹಳೆಯ ಬಲ್ಬಿಗೆ ಲೆಕ್ಕದಲ್ಲಿ 882 ಓಮ್ ಬಂತು, ಮಲ್ಟಿಮೀಟರ್ 65 ತೋರಿಸಿತು. ಏಕೆ? (ಪಿಯುಸಿ ವಿದ್ಯಾರ್ಥಿನಿ, ಹಾವೇರಿ)

ಉತ್ತರ: ನೀವು ಅಳೆದದ್ದು ತಣ್ಣಗಿನ ಟಂಗ್‌ಸ್ಟನ್. ಉರಿಯುವಾಗ ಅದು 2500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿ ರೋಧ ಹತ್ತು ಪಟ್ಟಿಗೂ ಹೆಚ್ಚುತ್ತದೆ. ಬಲ್ಬು ಹೆಚ್ಚಾಗಿ ಸ್ವಿಚ್ ಒತ್ತಿದ ಕ್ಷಣದಲ್ಲೇ ಹೋಗುವುದಕ್ಕೂ ಇದೇ ಕಾರಣ: ತಣ್ಣಗಿರುವಾಗ ರೋಧ ಕಮ್ಮಿ, ಕರೆಂಟ್ ಒಮ್ಮೆಲೇ ನುಗ್ಗುತ್ತದೆ.

ಪ್ರಶ್ನೆ: ಕಾರಿನ 12 ವೋಲ್ಟ್ ಬ್ಯಾಟರಿಗೆ 20 ಮಿಲಿಆಂಪಿಯರಿನ ಕೆಂಪು ಎಲ್‌ಇಡಿ ಜೋಡಿಸಲು 12 ÷ 0.02 = 600 ಓಮ್ ಸರಿಯೇ? (ಓದುಗರು, ಹಾಸನ)

ಉತ್ತರ: ಎಲ್‌ಇಡಿ ಸುಡುವುದಿಲ್ಲ, ಆದರೆ ಲೆಕ್ಕ ತಪ್ಪು. 12ರಲ್ಲಿ ಸುಮಾರು 2 ವೋಲ್ಟ್ ಎಲ್‌ಇಡಿಯ ಪಾಲು. ರೆಸಿಸ್ಟರಿಗೆ ಸಿಗುವುದು 10. ಹಾಗಾಗಿ 10 ÷ 0.02 = 500 ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 470, 560. ಎಂಜಿನ್ ಓಡುವಾಗ ವೋಲ್ಟೇಜ್ 14.4ರವರೆಗೆ ಏರುತ್ತದೆ. ಆಗ 560 ಓಮಿನ ಮೇಲೆ 12.4 ವೋಲ್ಟ್, 22 ಮಿಲಿಆಂಪಿಯರ್, 0.27 ವಾಟ್, ಕಾಲು ವಾಟಿನ ರೆಸಿಸ್ಟರ್ ತಾಳಲಾರದು. ಸೂಚಕ ದೀಪಕ್ಕೆ 1000 ಓಮ್ (ಕಂದು, ಕಪ್ಪು, ಕೆಂಪು ಪಟ್ಟಿ) ಹಾಕಿ: 12 ಮಿಲಿಆಂಪಿಯರ್, 0.15 ವಾಟ್, ಬೆಳಕೂ ಸಾಕಾಗುತ್ತದೆ. ಬಿಳಿ ಅಥವಾ ನೀಲಿ ಎಲ್‌ಇಡಿಯಾದರೆ 2ರ ಬದಲು 3 ವೋಲ್ಟ್ ಕಳೆಯಿರಿ.